ಆಟದ ಮಧ್ಯೆ ಆರಿಹೋಗುತ್ತಿದ್ದ ಲ್ಯಾಪ್‌ಟಾಪ್

ಗೊರಗುಂಟೆಪಾಳ್ಯದಲ್ಲಿ ಮನೆ ಮಾಡಿದವರಿಗೆ ಧೂಳು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಒಂದು ಕಡೆ ತುಮಕೂರು ರಸ್ತೆ, ಇನ್ನೊಂದು ಕಡೆ ರಿಂಗ್ ರೋಡು, ತಲೆಯ ಮೇಲೆ ನಾಗಸಂದ್ರದ ಕಡೆ ಹೋಗುವ ಮೇಲ್ಸೇತುವೆ, ಜೊತೆಗೆ 2014ರ ಮಾರ್ಚ್‌ನಿಂದ ಓಡುತ್ತಿರುವ ಮೆಟ್ರೊ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಲಾರಿಗಳು ಹಾದುಹೋಗುವುದೂ ಇಲ್ಲೇ, ತುಮಕೂರು, ಹಾಸನದ ಕಡೆಯವರು ರಾತ್ರಿ ಬಸ್ಸಿಗೆ ಚೀಲ ಇಟ್ಟುಕೊಂಡು ಕಾಯುವುದೂ ಇಲ್ಲೇ. ಬೆಳಿಗ್ಗೆ ಒರೆಸಿದ ಕಿಟಕಿಯ ಸರಳಿಗೆ ಸಂಜೆ ಬೆರಳಿಟ್ಟರೆ ಬೆರಳು ಕಪ್ಪಾಗುತ್ತದೆ. ಮಿಕ್ಸಿಗೆ ಕವರ್ ಹಾಕ್ತೀವಿ, ಹೊಲಿಗೆ ಮಷಿನ್ ಮೇಲೆ ಹಳೇ ಸೀರೆ ಹೊದಿಸ್ತೀವಿ. ಆದರೆ ದಿನವೂ ಗಂಟೆಗಟ್ಟಲೆ ಇದೇ ಗಾಳಿಯನ್ನು ಒಳಗೆಳೆದುಕೊಂಡು ಹೊರಗೆ ಬಿಡುವ ಇನ್ನೊಂದು ಯಂತ್ರ ಮನೆಯಲ್ಲಿದೆ. ಅದೇ ಲ್ಯಾಪ್‌ಟಾಪ್. ಅದಕ್ಕೆ ಉಸಿರು ಕಟ್ಟಿದೆ ಅನ್ನುವುದು ಗೊತ್ತಾಗುವುದು ಅದು ನಿಂತ ಮೇಲೆಯೇ.

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಈ ದೂರು ಮಾಮೂಲು. ‘ಗೇಮ್ ಆಡ್ತಾ ಇದ್ದೆ, ತಾನಾಗೇ ಆಫ್ ಆಯ್ತು.’ ಅದಕ್ಕೆ ಮನೆಯ ಹಿರಿಯರ ಉತ್ತರವೂ ಮಾಮೂಲು. ‘ಇನ್ನೂ ಆಡು. ಸುಟ್ಟು ಹೋಗ್ಲಿ.’ ನಮ್ಮ ಮನೆಯಲ್ಲೂ ಹೀಗೇ ಶುರುವಾಗಿ, ಮೂವತ್ತೆರಡು ಸಾವಿರ ರೂಪಾಯಿಯ ಪ್ರಶ್ನೆಯಾಗಿ, ಕೊನೆಗೆ ಅಪ್ಪ ಮಗ ಎರಡು ವಾರ ಮಾತು ಬಿಡುವ ತನಕ ಹೋಯಿತು. ಅದನ್ನು ಬಿಡಿಸಿಕೊಂಡಿದ್ದು ಹೇಗೆ ಅಂತ ಬರೆದರೆ ಇನ್ನೊಂದು ಮನೆಗೆ ಉಪಯೋಗಕ್ಕೆ ಬರಬಹುದು ಅಂತ ಈ ಬರಹ.

ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ. ಕಾಲೇಜು ಸೇರುವಾಗ ಕಂತಿನ ಮೇಲೆ ತೆಗೆದುಕೊಟ್ಟ ಲ್ಯಾಪ್‌ಟಾಪ್ ಅದು. ಗೇಮ್ ಆಡುವವರು ಕೊಳ್ಳುವಂಥದ್ದನ್ನೇ ತೆಗೆದುಕೊಂಡಿದ್ದ. ಡ್ರಾಯಿಂಗ್ ಮತ್ತು ವಿನ್ಯಾಸದ ಸಾಫ್ಟ್‌ವೇರ್‌ಗಳಿಗೂ ಅಂಥದ್ದೇ ಬೇಕು ಅನ್ನುವುದು ನಿಜವೇ. ವಾರಂಟಿ ಮುಗಿದು ವರ್ಷಗಳಾಗಿದ್ದವು. ಕಂತು ಮುಗಿದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಅದು ಆಟದ ನಡುವೆ ನಿಲ್ಲಲು ಶುರು ಮಾಡಿತು. ಪರದೆ ಮೇಲೆ ಎಚ್ಚರಿಕೆಯಿಲ್ಲ, ಸಂದೇಶವಿಲ್ಲ, ಫ್ಯೂಸ್ ಹೋದ ಹಾಗೆ ಒಂದೇ ಸಲ ಕತ್ತಲು.

ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋದ. ಹತ್ತು ನಿಮಿಷ ನೋಡಿ, ‘ಮದರ್‌ಬೋರ್ಡ್ ಹೋಗಿದೆ, ಬದಲಾಯಿಸಬೇಕು, ಮೂವತ್ತೆರಡು ಸಾವಿರ ಆಗತ್ತೆ’ ಅಂದರಂತೆ. ಏನನ್ನು ಅಳೆದು ನೋಡಿ ಹಾಗಂದರು ಅಂತ ಕೇಳಿದರೆ ಮಗನಿಗೆ ಗೊತ್ತಿಲ್ಲ. ನಮ್ಮನೆಯವರಿಗೆ ಅಷ್ಟು ಸಾಕಾಯಿತು.

‘ಮೂವತ್ತೆರಡು ಸಾವಿರ ಹಾಕಿ ಆಟ ಆಡೋದಕ್ಕೆ ಕೊಡ್ಬೇಕಾ? ಬಂದಷ್ಟಕ್ಕೆ ಮಾರ್ಬಿಡು ಅದನ್ನ.’

‘ಪ್ರಾಜೆಕ್ಟ್ ಇದೆ ಅಪ್ಪಾ. ರಿವ್ಯೂಗೆ ಇನ್ನು ಮೂರೇ ವಾರ ಇರೋದು.’

‘ಪ್ರಾಜೆಕ್ಟ್ ಇರೋನು ರಾತ್ರಿ ಹನ್ನೆರಡು ಗಂಟೆ ತನಕ ಗುಂಡು ಹಾರಿಸ್ತಾ ಕೂತಿರ್ತಾನಾ?’

ಅಲ್ಲಿಗೆ ಮಾತು ನಿಂತಿತು. ಮಗ ಊಟದ ತಟ್ಟೆ ರೂಮಿಗೆ ತೆಗೆದುಕೊಂಡು ಹೋಗತೊಡಗಿದ. ಇವರು ಬೆಳಿಗ್ಗೆ ಮೊದಲ ಶಿಫ್ಟಿಗೆ ಹೋಗುವಾಗ ಬಾಗಿಲು ಎಳೆಯುವ ಸದ್ದೇ ಬೇರೆಯಾಯಿತು.

ನಾನು ಹದಿನಾಲ್ಕು ವರ್ಷ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್ ಮಾಡಿದವಳು. ಅಲ್ಲಿ ಒಂದು ಪಾಠ ಕಲಿಸುತ್ತಾರೆ. ನೂರು ಷರ್ಟಿನಲ್ಲಿ ಹತ್ತಕ್ಕೆ ಹೊಲಿಗೆ ಬಿಟ್ಟಿದ್ದರೆ ಟೈಲರನ್ನು ಬೈಯುವ ಮೊದಲು ಬರೆದುಕೋ. ಯಾವ ಮಷಿನ್ನು, ಯಾವ ನೂಲು, ಯಾವ ಹೊತ್ತು, ಯಾವ ಸೈಜು. ಬರೆದ ಹಾಳೆ ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ತಾನೇ ಎದ್ದು ಕಾಣುತ್ತದೆ. ಮಗನಿಗೆ ಒಂದು ನೋಟ್‌ಬುಕ್ ಕೊಟ್ಟು, ‘ನಿಂತಾಗಲೆಲ್ಲ ಬರಿ’ ಅಂದೆ. ಎಷ್ಟು ಹೊತ್ತಿಗೆ ನಿಂತಿತು, ಏನು ಮಾಡುತ್ತಿದ್ದೆ, ಚಾರ್ಜರ್ ಹಾಕಿತ್ತಾ, ಹಾಸಿಗೆ ಮೇಲಿತ್ತಾ ಟೇಬಲ್ ಮೇಲಿತ್ತಾ, ಮತ್ತೆ ಆನ್ ಮಾಡಿದಾಗ ಎಷ್ಟು ಹೊತ್ತು ನಡೆಯಿತು. ಇಷ್ಟೇ.

ನಾಲ್ಕು ದಿನದಲ್ಲಿ ಹಾಳೆ ತುಂಬಿತು. ತಣ್ಣಗಿದ್ದಾಗ ಆಟ ಶುರು ಮಾಡಿದರೆ ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೈದು ನಿಮಿಷಕ್ಕೆ ನಿಲ್ಲುತ್ತದೆ. ನಿಂತ ಕೂಡಲೇ ಮತ್ತೆ ಆನ್ ಮಾಡಿ ಆಡಿದರೆ ಐದೇ ನಿಮಿಷ. ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಮತ್ತೆ ಇಪ್ಪತ್ತು ನಿಮಿಷ. ಪಾಠ ಓದುವಾಗ, ಸಿನಿಮಾ ನೋಡುವಾಗ ಒಂದು ಸಲವೂ ನಿಂತಿಲ್ಲ. ಹಾಸಿಗೆಯ ಮೇಲಿಟ್ಟು ಆಡಿದ ದಿನ ಬೇಗ, ಟೇಬಲ್ ಮೇಲೆ ತುಸು ತಡ.

ಈ ಹಾಳೆಯನ್ನು ಓದುವುದಕ್ಕೆ ಇಂಜಿನಿಯರ್ ಬೇಕಿಲ್ಲ. ತಣ್ಣಗಿದ್ದಾಗ ತಡವಾಗಿ, ಬಿಸಿಯಿದ್ದಾಗ ಬೇಗ ನಿಲ್ಲುತ್ತದೆ ಅಂದರೆ ಒಳಗೆ ಏನೋ ತುಂಬಿಕೊಳ್ಳುತ್ತಾ ಬಂದು ಗಡಿ ದಾಟುತ್ತಿದೆ. ಅದು ಬಿಸಿ. ಚಾರ್ಜರ್ ಅಥವಾ ಅದರ ಪಿನ್ನು ಕೆಟ್ಟಿದ್ದರೆ ಸಾಮಾನ್ಯವಾಗಿ ಹೀಗೆ ಲೆಕ್ಕ ಹಿಡಿದು ನಿಲ್ಲುವುದಿಲ್ಲ. ಭಾರ ಬಿದ್ದ ತಕ್ಷಣವೋ, ವೈರು ಅಲುಗಿದಾಗಲೋ ಕೈಕೊಡುತ್ತದೆ. ಆದರೂ ಅನುಮಾನ ಉಳಿಯಬಾರದೆಂದು ಅದೇ ಮಾದರಿಯ, ಅಷ್ಟೇ ವ್ಯಾಟಿನ ಚಾರ್ಜರನ್ನು ಗೆಳೆಯನಿಂದ ತಂದು ಹಾಕಿ ನೋಡಿದ. ಇಪ್ಪತ್ತೊಂದು ನಿಮಿಷಕ್ಕೆ ನಿಂತಿತು. ಚಾರ್ಜರ್ ಹೆಸರು ಪಟ್ಟಿಯಿಂದ ಹೋಯಿತು. ಇಲ್ಲೊಂದು ಮಾತು. ಬ್ಯಾಟರಿಯಲ್ಲಿ ಆಡಿ ನೋಡಿ, ನಿಲ್ಲಲಿಲ್ಲ ಎಂದರೆ ಚಾರ್ಜರ್ ದೋಷ ಅಂತ ತೀರ್ಮಾನಿಸಬೇಡಿ. ಬ್ಯಾಟರಿಯಲ್ಲಿದ್ದಾಗ ಲ್ಯಾಪ್‌ಟಾಪ್ ತಾನಾಗಿಯೇ ಕೆಲಸದ ವೇಗ ತಗ್ಗಿಸುತ್ತದೆ, ಅದಕ್ಕೇ ಬಿಸಿಯೂ ಕಡಿಮೆ.

ಆಟ ಆಡುವಾಗಲೇ ಯಾಕೆ ಅನ್ನುವುದಕ್ಕೂ ಉತ್ತರವಿದೆ. ಓದುವಾಗ, ಬರೆಯುವಾಗ ಲ್ಯಾಪ್‌ಟಾಪ್ ಹತ್ತಿಪ್ಪತ್ತು ವ್ಯಾಟ್ ವಿದ್ಯುತ್ತಿನಲ್ಲಿ ಮುಗಿಸಿಬಿಡುತ್ತದೆ. ದೊಡ್ಡ ಗೇಮ್ ಹಾಕಿದಾಗ ಲೆಕ್ಕ ಹಾಕುವ ಸಿಪಿಯು, ಚಿತ್ರ ಬಿಡಿಸುವ ಜಿಪಿಯು ಎರಡೂ ಒಟ್ಟಿಗೆ ದುಡಿಯುತ್ತವೆ. ನೂರು, ನೂರೈವತ್ತು ವ್ಯಾಟ್ ತನಕ ಹೋಗುತ್ತದೆ. ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಹಳೇ ಕಾಲದ 60 ವ್ಯಾಟಿನ ಎರಡು ಬಲ್ಬುಗಳನ್ನು ಒಂದು ಬಟ್ಟೆಯ ಡಬ್ಬಿಯೊಳಗಿಟ್ಟು ಉರಿಸಿದ ಹಾಗೆ ಅಂದುಕೊಳ್ಳಿ, ಡಬ್ಬಿಯ ದಪ್ಪ ಎರಡು ಬೆರಳು.

ಆ ಬಿಸಿಯನ್ನು ಹೊರಗೆ ಸಾಗಿಸುವ ವ್ಯವಸ್ಥೆ ಚೆನ್ನಾಗಿದೆ. ಚಿಪ್ಪಿನ ಮೇಲೆ ಪೇಸ್ಟ್ ಇರುತ್ತದೆ, ಅದರ ಮೇಲೆ ತಾಮ್ರದ ತಗಡು, ತಗಡಿನಿಂದ ತಾಮ್ರದ ಚಪ್ಪಟೆ ಕೊಳವೆಗಳು. ಈ ಕೊಳವೆ ಗಟ್ಟಿ ತಾಮ್ರವಲ್ಲ, ಒಳಗೆ ಟೊಳ್ಳು. ಗಾಳಿ ತೆಗೆದು ಒಂದಿಷ್ಟೇ ನೀರು ತುಂಬಿ ಮುಚ್ಚಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆ ತುದಿಗೆ ಓಡುತ್ತದೆ, ಅಲ್ಲಿ ಹನಿಯಾಗಿ ಮತ್ತೆ ಹಿಂದಕ್ಕೆ ಬರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆವಿ ಹನಿಯಾಗಿ ಕೆಳಗಿಳಿಯುವುದನ್ನು ದಿನವೂ ನೋಡುವ ನಮಗೆ ಇದು ಹೊಸದಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ಇದನ್ನು ರೂಪಿಸಿದರು. ಬಾಹ್ಯಾಕಾಶದ ಉಪಕರಣಗಳನ್ನು ತಣ್ಣಗಿಡಲು ಬೆಳೆದ ಉಪಾಯ ಈಗ ನಮ್ಮ ಮಕ್ಕಳ ತೊಡೆಯ ಮೇಲಿದೆ. ಕೊಳವೆಯ ಆ ತಣ್ಣನೆ ತುದಿಗೆ ಬಾಚಣಿಗೆ ಹಲ್ಲಿನ ಹಾಗೆ ತೆಳು ರೆಕ್ಕೆಗಳಿರುತ್ತವೆ, ಫ್ಯಾನು ಆ ಸಂದುಗಳೊಳಗೆ ಗಾಳಿ ನೂಕುತ್ತದೆ. ನೂಕಿದ ಗಾಳಿ ಬಿಸಿ ಹೊತ್ತು ಪಕ್ಕದಿಂದಲೋ ಹಿಂದಿನಿಂದಲೋ ಆಚೆ ಹೋಗುತ್ತದೆ.

ಈ ದಾರಿಯಲ್ಲಿ ಎಲ್ಲಿಯಾದರೂ ಅಡ್ಡಿಯಾದರೆ ಚಿಪ್ಪು ಕಾಯುತ್ತದೆ. ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅದು ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಆಟ ತಡವರಿಸಿದ ಹಾಗೆ, ಚಿತ್ರ ಎಳೆದ ಹಾಗೆ ಆಗುವುದು ಆಗಲೇ. ಅದಕ್ಕೂ ಬಗ್ಗದಿದ್ದರೆ ಕರೆಂಟನ್ನೇ ಕತ್ತರಿಸಿ ಮಲಗಿಬಿಡುತ್ತದೆ. ಅಂದರೆ ಅದು ಆಫ್ ಆಗುತ್ತಿರುವುದು ಸುಟ್ಟುಹೋದ್ದರಿಂದ ಅಲ್ಲ, ಸುಟ್ಟುಹೋಗಬಾರದೆಂದು. ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿದರೆ ನಾವು ಕುಕ್ಕರ್ ಬಿಸಾಡುತ್ತೇವಾ? ಸೀಟಿಯ ತೂತು ಕಟ್ಟಿದೆಯಾ ಅಂತ ತಾನೇ ಮೊದಲು ನೋಡುವುದು?

ಆದರೆ ಇದನ್ನು ಊಹೆಯಲ್ಲಿ ಬಿಡುವಂತಿರಲಿಲ್ಲ. ಮೂವತ್ತೆರಡು ಸಾವಿರದ ಮಾತಿಗೆ ಎದುರಾಗಿ ಇಡಲು ನಮ್ಮ ಹತ್ತಿರ ಅಂಕಿ ಬೇಕಿತ್ತು. ಮಗ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ. ಒಳಗಿನ ಬಿಸಿ, ಫ್ಯಾನಿನ ವೇಗ ಎಲ್ಲವನ್ನೂ ಅದು ಕೆಲವು ಸೆಕೆಂಡಿಗೊಮ್ಮೆ ಬರೆದಿಡುತ್ತದೆ. ದಿಢೀರನೆ ಆಫ್ ಆದರೂ ಅಷ್ಟರ ತನಕ ಬರೆದದ್ದು ಉಳಿಯುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ಸಾಲು ಸಿಕ್ಕಿತ್ತು, ಆದರೆ ಅದು ಹೇಳುವುದು ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿತು ಅಂತ ಮಾತ್ರ. ಯಾಕೆ ಅಂತ ಹೇಳುವುದಿಲ್ಲ. ಅದನ್ನೇ ತೋರಿಸಿ ‘ಪವರ್ ಐಸಿ ಹೋಗಿದೆ’ ಅನ್ನುವವರಿದ್ದಾರೆ, ನಂಬಬೇಡಿ.

ಬರೆದಿಟ್ಟ ಅಂಕಿಗಳು ಹೀಗಿದ್ದವು. ಸುಮ್ಮನೆ ಆನ್ ಮಾಡಿಟ್ಟಾಗಲೇ 58 ಡಿಗ್ರಿ. ಆಟ ಶುರುವಾಗಿ ಹತ್ತು ನಿಮಿಷಕ್ಕೆ 96. ನಿಲ್ಲುವ ಮುಂಚಿನ ಕೊನೆಯ ಸಾಲಿನಲ್ಲಿ 102. ಫ್ಯಾನು ಮಾತ್ರ ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು, ಹಿಟ್ಟಿನ ಗಿರಣಿ ಹಾಗೆ ಸದ್ದು. ಮಗ ಹಿಂದಿನ ಜಾಲರಿಗೆ ನನ್ನ ಕೈ ಹಿಡಿಸಿದ.

‘ಗಾಳಿ ಬರ್ತಿದೆಯಾ ಅಮ್ಮಾ?’

‘ಎಲ್ಲೋ ಬರತ್ತೆ. ಎಡಗಡೆ ಏನೂ ಇಲ್ವಲ್ಲೋ.’

‘ಸದ್ದು ಇಷ್ಟಿದೆ, ಗಾಳಿ ಯಾಕಿಲ್ಲ?’

ಪ್ರಶ್ನೆ ಸರಿಯಾಗಿತ್ತು. ಇದೇ ಗುರುತು. ಫ್ಯಾನು ಜೋರಾಗಿ ತಿರುಗಿಯೂ ಗಾಳಿ ಬರುತ್ತಿಲ್ಲ ಅಂದರೆ ದಾರಿ ಕಟ್ಟಿದೆ. ಗಾಳಿ ಧಾರಾಳವಾಗಿ ಬರುತ್ತಿದ್ದು ಅದು ಬರೀ ಬೆಚ್ಚಗಿದ್ದು, ಒಳಗೆ ಚಿಪ್ಪು ಮಾತ್ರ ನೂರು ಡಿಗ್ರಿ ತೋರಿಸಿದರೆ ಬಿಸಿ ರೆಕ್ಕೆಯ ತನಕ ತಲುಪುತ್ತಲೇ ಇಲ್ಲ, ಆಗ ಅನುಮಾನ ಪೇಸ್ಟಿನ ಮೇಲೆ. ಫ್ಯಾನೇ ತಿರುಗದಿದ್ದರೆ, ಕರಕರ ಅಂದರೆ ಫ್ಯಾನು ಬದಲಾಯಿಸಬೇಕು. ಮೂರಕ್ಕೆ ಮೂರು ಬೇರೆ ಔಷಧಿ.

ಇಷ್ಟಾದರೂ ಬಿಚ್ಚುವ ಮೊದಲು ಇನ್ನೆರಡು ಪರೀಕ್ಷೆ ಮಾಡಿದ, ಒಂದೊಂದು ದಿನಕ್ಕೆ ಒಂದೊಂದೇ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣ ಕಂಡಿತು ಅಂತ ಗೊತ್ತಾಗುವುದಿಲ್ಲ. ಮೊದಲ ದಿನ ಟೇಬಲ್ ಮೇಲಿಟ್ಟು ಹಿಂದಿನ ಎರಡು ಮೂಲೆಗೆ ನೀರಿನ ಬಾಟಲಿಯ ಮುಚ್ಚಳ ಕೊಟ್ಟ. ಕೆಳಗಿನ ಜಾಲರಿಗೆ ಗಾಳಿ ಸಿಕ್ಕಿತು, ನಾಲ್ಕು ಡಿಗ್ರಿ ಇಳಿಯಿತು, ಮೂವತ್ತೈದು ನಿಮಿಷಕ್ಕೆ ನಿಂತಿತು. ಎರಡನೇ ದಿನ ಮುಚ್ಚಳದ ಜೊತೆಗೆ ಆಟದ ಚಿತ್ರದ ವೇಗವನ್ನು ಸೆಕೆಂಡಿಗೆ 60ಕ್ಕೆ ಮಿತಿ ಮಾಡಿದ. ಮಿತಿ ಇಲ್ಲದಿದ್ದರೆ ಯಂತ್ರ ಕಣ್ಣಿಗೆ ಬೇಕಿರುವುದಕ್ಕಿಂತ ಎಷ್ಟೋ ಹೆಚ್ಚು ಚಿತ್ರ ಬಿಡಿಸುತ್ತಾ ಸುಮ್ಮನೆ ಬೆವರುತ್ತಿರುತ್ತದೆ. ಆ ದಿನ 89 ಡಿಗ್ರಿಗೆ ನಿಂತು, ಒಂದು ಗಂಟೆ ಆಫ್ ಆಗದೆ ಓಡಿತು.

ಮದರ್‌ಬೋರ್ಡ್ ಹೋಗಿದ್ದರೆ ಬಾಟಲಿ ಮುಚ್ಚಳಕ್ಕೆ ಅದು ಸರಿಹೋಗುತ್ತಿತ್ತಾ?

ಅಷ್ಟರಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಮಗ ಎದ್ದು ಬಂದು ಅಡುಗೆಮನೆಯಲ್ಲಿ ಕೂತಿದ್ದ. ಪ್ರಾಜೆಕ್ಟಿನ ಗೇರಿನ ಮೇಲೆ ಎಷ್ಟು ಭಾರ ಬಿದ್ದರೆ ಹಲ್ಲು ಎಲ್ಲಿ ಮುರಿಯುತ್ತದೆ ಅಂತ ಲೆಕ್ಕಕ್ಕೆ ಹಾಕಿ ಮಲಗಿದ್ದನಂತೆ. ನಲವತ್ತು ನಿಮಿಷಕ್ಕೆ ಆಫ್ ಆಗಿ ಎಲ್ಲ ಹೋಗಿತ್ತು. ಹುಡುಗ ಅಳುತ್ತಿರಲಿಲ್ಲ, ಆದರೆ ಮಾತೂ ಬರುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಆ ಸಾಲನ್ನೂ ಬರೆದಿದ್ದ.

ಬೆಳಿಗ್ಗೆ ಕಾಫಿ ಕೊಡುವಾಗ ಆ ನೋಟ್‌ಬುಕ್ ಇವರ ಮುಂದೆ ಇಟ್ಟೆ. ‘ರೀ, ನಿನ್ನೆ ರಾತ್ರಿ ಇವನು ಆಟ ಆಡ್ತಿರ್ಲಿಲ್ಲ. ಗೇರಿಗೆ ಲೋಡ್ ಹಾಕಿ ನೋಡ್ತಿದ್ದ. ಆಗ್ಲೂ ನಿಂತಿದೆ. ಮಷಿನ್ನಿಗೆ ಆಟ ಯಾವ್ದು ಪಾಠ ಯಾವ್ದು ಅಂತ ಗೊತ್ತಾಗತ್ತಾ?’

ಇವರು ಪೀಣ್ಯದಲ್ಲಿ ಇಪ್ಪತ್ತು ವರ್ಷದಿಂದ ಸಿಎನ್‌ಸಿ ಮಷಿನ್ ನಡೆಸುವವರು. ನಮ್ಮ ಈ ರಸ್ತೆಯಲ್ಲಿ ಯಂತ್ರದ ಭಾಷೆ ಗೊತ್ತಿರುವವರಿಗೆ ಬರವಿಲ್ಲ. 1962ರಲ್ಲಿ ಶುರುವಾದ, ಯಂತ್ರ ತಯಾರಿಕೆಯ ಸಂಶೋಧನೆ ನಡೆಸುವ ಸಿಎಂಟಿಐ ಇರುವುದೂ ತುಮಕೂರು ರಸ್ತೆಯಲ್ಲೇ. ಇವರು ನೋಟ್‌ಬುಕ್ ಹಾಳೆಯನ್ನು ಎರಡು ಸಲ ಓದಿದರು. ಬಿಸಿ ಇದ್ದಾಗ ಐದು ನಿಮಿಷ, ತಣ್ಣಗಿದ್ದಾಗ ಇಪ್ಪತ್ತು ನಿಮಿಷ ಅನ್ನುವ ಸಾಲಿನ ಮೇಲೆ ಬೆರಳಿಟ್ಟರು.

‘ನಮ್ಮ ಮಷಿನ್ ಪ್ಯಾನಲ್ಲಿಗೂ ಒಂದು ಫ್ಯಾನ್ ಇರತ್ತೆ, ಮುಂದೆ ಒಂದು ಫಿಲ್ಟರ್. ಅದು ಕಟ್ಕೊಂಡ್ರೆ ಒಳಗಿರೋ ಡ್ರೈವ್ ಓವರ್‌ಹೀಟ್ ಅಂತ ಅಲಾರಂ ಬಂದು ಮಷಿನ್ ನಿಂತ್ಬಿಡತ್ತೆ. ಬೇಸಿಗೇಲಿ ದಿನಾ ಇದೇ ಗೋಳು.’

‘ಆಗ ಡ್ರೈವ್ ಬದಲಾಯಿಸ್ತೀರಾ?’

‘ಡ್ರೈವ್ ಯಾಕೆ ಬದಲಾಯಿಸ್ತಾರೆ, ಫಿಲ್ಟರ್ ತೊಳೀತಾರೆ’ ಅಂದವರು ಅಲ್ಲೇ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ರೂಮಿನ ಕಡೆ ನೋಡಿ ಕೂಗಿದರು. ‘ಲೋ, ಭಾನುವಾರ ಬಿಚ್ಚೋಣ ಅದನ್ನ. ಸಣ್ಣ ಸ್ಕ್ರೂಡ್ರೈವರ್ ನಾನು ತರ್ತೀನಿ.’

ಎರಡು ವಾರದ ಮೇಲೆ ಅಪ್ಪ ಮಗನಿಗೆ ಆಡಿದ ಮೊದಲ ಮಾತು ಅದು.

ಭಾನುವಾರದೊಳಗೆ ಮಗ ಎಸ್‌ಪಿ ರೋಡಿಗೆ ಹೋಗಿ ಥರ್ಮಲ್ ಪೇಸ್ಟಿನ ಸಣ್ಣ ಸಿರಿಂಜು, ಐಸೊಪ್ರೊಪೈಲ್ ಆಲ್ಕೊಹಾಲ್ ತಂದ. ಗಾಜಿನ ಕಿಟಕಿ ಹಾಕಿ, ರಸ್ತೆ ಕಡೆ ಬಾಗಿಲು ಮುಚ್ಚಿ, ನನ್ನ ಕಟಿಂಗ್ ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ ಕೂತರು. ಆಫ್ ಮಾಡಿ, ಚಾರ್ಜರ್ ತೆಗೆದು, ಕೆಳಗಿನ ಸ್ಕ್ರೂಗಳನ್ನು ಯಾವುದು ಎಲ್ಲಿಯದು ಅಂತ ಹಾಳೆಯ ಮೇಲೆ ಚಿತ್ರ ಬರೆದು ಅದರ ಮೇಲೇ ಇಟ್ಟರು. ಮುಚ್ಚಳ ತೆಗೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದರು. ಈ ಕ್ರಮ ತಪ್ಪಬಾರದು.

ಫ್ಯಾನು ಎತ್ತಿದಾಗ ಕಂಡದ್ದು ಧೂಳಲ್ಲ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ದಪ್ಪ ಪಟ್ಟಿ, ಕಂಬಳಿ ಕತ್ತರಿಸಿ ತುರುಕಿದ ಹಾಗೆ. ನನಗೆ ಅದರ ಪರಿಚಯವಿತ್ತು. ಹೊಲಿಗೆ ಮಷಿನ್ನಿನ ಹಲ್ಲಿನ ಕೆಳಗೆ ನೂಲಿನ ಹೊಟ್ಟು, ಎಣ್ಣೆ, ಮಣ್ಣು ಸೇರಿ ಹೀಗೇ ಗಟ್ಟಿಯಾಗುತ್ತದೆ. ಇಲ್ಲಿ ರಸ್ತೆಯ ಮಣ್ಣು, ಹಾಸಿಗೆಯ ಹತ್ತಿ, ಕೂದಲು ಎಲ್ಲ ಸೇರಿತ್ತು. ಹೊರಗಿನಿಂದ ಜಾಲರಿ ನೋಡಿದರೆ ಶುಭ್ರವಾಗಿಯೇ ಇತ್ತು. ಅದಕ್ಕೇ ಹೊರಗಿನಿಂದ ಒರೆಸಿ ಉಪಯೋಗವಿಲ್ಲ.

ಇವರು ಚಿಮಟದಿಂದ ಆ ಪಟ್ಟಿಯನ್ನು ಇಡಿಯಾಗಿ ಎಳೆದರು, ಉಳಿದದ್ದನ್ನು ಮೆತ್ತನೆ ಬ್ರಷ್ಷಿನಿಂದ ತೆಗೆದರು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು, ಬಿಟ್ಟರೆ ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ಒಳಗಿನ ಭಾಗಗಳಿಗೆ ಅಪಾಯ. ಚಿಪ್ಪಿನ ಮೇಲಿನ ಹಳೇ ಪೇಸ್ಟು ಒಣಗಿ ಸುಣ್ಣದ ಹಾಗಾಗಿತ್ತು. ಅದನ್ನು ಆಲ್ಕೊಹಾಲಿನಲ್ಲಿ ಒರೆಸಿ, ಹೊಸದನ್ನು ತೆಳುವಾಗಿ ಹಾಕಿ, ತಾಮ್ರದ ತಗಡಿನ ಸ್ಕ್ರೂಗಳನ್ನು ಅದರ ಮೇಲೇ ಬರೆದಿದ್ದ ಅಂಕಿಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿದರು. ಪಕ್ಕದ ಸಣ್ಣ ಚಿಪ್ಪುಗಳ ಮೇಲಿನ ಮೆತ್ತನೆ ಪ್ಯಾಡುಗಳು ಹರಿದಿರಲಿಲ್ಲ, ಇದ್ದ ಹಾಗೇ ಬಿಟ್ಟರು. ‘ಲಿಕ್ವಿಡ್ ಮೆಟಲ್ ಹಾಕೋಣ ಅಪ್ಪಾ, ಇನ್ನೂ ಇಳಿಯತ್ತೆ’ ಅಂದ ಮಗ. ‘ಅದು ಕರೆಂಟ್ ಹರಿಸತ್ತೆ ಅಂತ ನೀನೇ ಹೇಳಿದ್ಯಲ್ಲ. ಒಂದು ಹನಿ ಆಚೆ ಬಿದ್ರೆ ಅಂಗಡಿಯವರು ಹೇಳಿದ್ದು ನಿಜ ಆಗತ್ತೆ’ ಅಂದರು ಇವರು. ಇಬ್ಬರೂ ನಕ್ಕರು.

ಸಂಜೆ ಅದೇ ಆಟ, ಯಾವ ಮಿತಿಯೂ ಇಲ್ಲದೆ. ಆನ್ ಮಾಡಿಟ್ಟಾಗ 46 ಡಿಗ್ರಿ, ಆಟದಲ್ಲಿ 82. ಒಂದೂವರೆ ಗಂಟೆಯಾದರೂ ನಿಲ್ಲಲಿಲ್ಲ. 60ರ ಮಿತಿ ಹಾಕಿದರೆ 74. ಆ ರಾತ್ರಿ ಗೇರಿನ ಲೆಕ್ಕ ಮುಗಿಯಿತು. ಖರ್ಚು ಬಸ್ ಚಾರ್ಜು ಸೇರಿ ಸಾವಿರ ರೂಪಾಯಿಯ ಒಳಗೆ.

ಮಾರ್ಚಿನಲ್ಲೇ ಶುರುವಾದದ್ದು ಯಾಕೆ ಅಂದರೆ, ಕೋಣೆ ಎಷ್ಟು ಡಿಗ್ರಿ ಬಿಸಿಯಾಗುತ್ತದೋ ಚಿಪ್ಪೂ ಹೆಚ್ಚು ಕಡಿಮೆ ಅಷ್ಟೇ ಮೇಲೇರುತ್ತದೆ. ಜನವರಿಯಲ್ಲಿ 93ಕ್ಕೆ ನಿಂತು ತೆವಳುತ್ತಿದ್ದದ್ದು ಮಾರ್ಚಿನ ಆರ್‌ಸಿಸಿ ಛಾವಣಿಯ ಕೆಳಗೆ ನೂರು ದಾಟುತ್ತದೆ. ಬೆಂಗಳೂರು ತಂಪು ಊರು ಅನ್ನುವ ಭರವಸೆ ಸಾಲದು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಇನ್ನೊಂದು ವಿಷಯ ಮಗ ಹೇಳಿದ್ದು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಮಂಗಳೂರಿಗೆ ಹೋಲಿಸಿದರೆ ಇಲ್ಲಿನ ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳು. ಫ್ಯಾನು ಅಷ್ಟೇ ತಿರುಗಿದರೂ ಹೊತ್ತೊಯ್ಯುವ ಬಿಸಿ ಅಷ್ಟು ಕಡಿಮೆ. ಧೂಳೂ ಸೇರಿದರೆ ಕೇಳಬೇಕಾ.

ಹಾಗಂತ ‘ಆಫ್ ಆಗಿ ತನ್ನನ್ನು ತಾನೇ ಕಾಪಾಡಿಕೊಳ್ಳತ್ತೆ ಬಿಡು’ ಅಂತ ಆಡುತ್ತಲೇ ಇರುವುದೂ ಸರಿಯಲ್ಲ. ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗಿ ತಣಿದು ಒಳಗಿನ ಬೆಸುಗೆ ಬಿರುಕು ಬಿಡುತ್ತದೆ. ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಯಂತ್ರದಲ್ಲಿ ಆದದ್ದು ಅದೇ ಬಗೆಯ ತೊಂದರೆ. ಮುಂದೆ ಮೂರು ಕೆಂಪು ದೀಪ ಹತ್ತಿ ಯಂತ್ರಗಳು ನಿಂತುಹೋಗುತ್ತಿದ್ದವು. 2007ರಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಅಷ್ಟು ದೊಡ್ಡ ಕಂಪನಿಗೇ ಬಿಸಿ ಅಷ್ಟು ದುಬಾರಿಯಾಯಿತು. ಎರಡು ಸಲ ಆಫ್ ಆಯಿತು ಅಂದರೆ ಆಟ ನಿಲ್ಲಿಸಿ ಕಾರಣ ಹುಡುಕುವ ಹೊತ್ತು ಬಂತು ಅಂತ ಅರ್ಥ.

ಮನೆಯಲ್ಲಿ ಮಾಡುವ ಕೆಲವು ಉಪಾಯಗಳ ಬಗ್ಗೆಯೂ ಹೇಳಬೇಕು. ಒದ್ದೆ ಬಟ್ಟೆಯ ಮೇಲೆ ಇಡುವುದು, ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಖಂಡಿತ ಬೇಡ, ಒಳಗೆ ನೀರು ಹನಿಗಟ್ಟುತ್ತದೆ. ಕೆಳಗೆ ಇಡುವ ಕೂಲಿಂಗ್ ಪ್ಯಾಡ್ ನಾಲ್ಕಾರು ಡಿಗ್ರಿ ಇಳಿಸಬಹುದು, ಆದರೆ ಒಳಗೆ ಕಂಬಳಿ ಕಟ್ಟಿದ್ದರೆ ಅದಕ್ಕೆ ಹಾಕಿದ ದುಡ್ಡು ದಂಡ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನುವುದನ್ನು ಶೇ 100ರಿಂದ 99ಕ್ಕೆ ಇಳಿಸಿದರೆ ಸಿಪಿಯು ತನ್ನ ಹೆಚ್ಚುವರಿ ಓಟ ನಿಲ್ಲಿಸುತ್ತದೆ, ಬಿಸಿ ಚೆನ್ನಾಗಿಯೇ ಇಳಿಯುತ್ತದೆ. ಪರೀಕ್ಷೆ, ರಿವ್ಯೂ ಹತ್ತಿರವಿದ್ದು ಬಿಚ್ಚಲು ಪುರಸೊತ್ತಿಲ್ಲದಾಗ ಇದು ಕೈಹಿಡಿಯುತ್ತದೆ. ಟಚ್‌ಪ್ಯಾಡ್ ಉಬ್ಬಿದ್ದರೆ, ಕೆಳಗಿನ ತಗಡು ಬಾಗಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಅದು ಬ್ಯಾಟರಿ ಊದಿದ ಗುರುತು. ಆಫ್ ಮಾಡಿ, ಚಾರ್ಜಿಗೆ ಹಾಕದೆ ಬಲ್ಲವರಿಗೆ ಕೊಡಿ. ವಾರಂಟಿ ಇದ್ದರೂ ಅಷ್ಟೇ, ಬಿಚ್ಚುವ ಗೋಜಿಗೆ ಹೋಗದೆ ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡುವುದು ಲೇಸು.

ಅಂಗಡಿಯವರೆಲ್ಲ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಮದರ್‌ಬೋರ್ಡ್ ನಿಜವಾಗಿ ಹೋಗುವುದೂ ಉಂಟು. ಆದರೆ ದೊಡ್ಡ ಮೊತ್ತಕ್ಕೆ ಹೂಂ ಅನ್ನುವ ಮೊದಲು ಮೂರು ಪ್ರಶ್ನೆ ಕೇಳಿ. ಆಫ್ ಆಗುವಾಗ ಬಿಸಿ ಎಷ್ಟಿತ್ತು ನೋಡಿದಿರಾ? ಫ್ಯಾನು, ರೆಕ್ಕೆ ಶುಚಿ ಮಾಡಿದ ಮೇಲೂ ಹೀಗೇ ಆಗುತ್ತಿದೆಯಾ? ಬೇರೆ ಚಾರ್ಜರ್ ಹಾಕಿ ನೋಡಿದಿರಾ? ಕೆಲಸ ಬಲ್ಲವರು ಬೇಸರವಿಲ್ಲದೆ ಉತ್ತರ ಕೊಡುತ್ತಾರೆ.

ಆಟದ ಹೊತ್ತಿನ ಬಗ್ಗೆ ಇವರ ತಕರಾರು ಹಾಗೇ ಇದೆ, ಅದು ಇರಬೇಕಾದ್ದೇ. ರಾತ್ರಿ ಹನ್ನೆರಡರ ತನಕ ಆಡುವುದು ಬೇರೆ ವಿಷಯ, ಅದಕ್ಕೆ ಬೇರೆಯಾಗಿಯೇ ಜಗಳ ಆಡಬೇಕು. ಯಂತ್ರ ನಿಂತಿದ್ದನ್ನು ಆ ಜಗಳಕ್ಕೆ ಸಾಕ್ಷಿ ಮಾಡಿಕೊಂಡರೆ ಎರಡೂ ಬಗೆಹರಿಯುವುದಿಲ್ಲ. ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಜೊತೆಗೆ ನಾಲ್ಕು ತಿಂಗಳಿಗೊಮ್ಮೆ ‘ಫ್ಯಾನ್ ಕ್ಲೀನ್’ ಅಂತ ಇವರದೇ ಅಕ್ಷರದಲ್ಲಿ ಬರೆದಿರುತ್ತದೆ. ರಸ್ತೆಯಿಂದ ದೂರ ಇರುವವರಿಗೆ ವರ್ಷಕ್ಕೊಮ್ಮೆ ಸಾಕಾಗಬಹುದು. ನಿಮ್ಮಲ್ಲಿ ಎಷ್ಟು ಸಾಕು ಅನ್ನುವುದನ್ನು ಇವತ್ತೇ ತಿಳಿಯಬೇಕಿದ್ದರೆ, ಮಕ್ಕಳು ಆಟ ಆಡುವಾಗ ಲ್ಯಾಪ್‌ಟಾಪಿನ ಜಾಲರಿಯ ಮುಂದೆ ಒಂದು ಸಲ ಅಂಗೈ ಹಿಡಿದು ನೋಡಿ.